ನೂರರಿಂದ ಭಾಗಿಸಿ, ಆಮೇಲೆ ಬಡಿಸಿ

2024ರ ಮಾರ್ಚ್‌ನಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಸಂಗ್ರಹಿಸಿದ್ದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ವರದಿ ಬಂತು. ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15ರದ್ದೂ ಅದೇ ಕಥೆ. ಎರಡಕ್ಕೂ ಕೃತಕ ಬಣ್ಣ ಬೆರೆಸುವುದನ್ನು ಸರ್ಕಾರ ನಿಷೇಧಿಸಿದಾಗ ಕೇಳಿಬಂದ ಮಾತುಗಳು ಎರಡೇ ಬಗೆಯವು. ಕೆಮಿಕಲ್ ಅಂದಮೇಲೆ ವಿಷವೇ, ಚಿಟಿಕೆಯೂ ಬೇಡ ಎನ್ನುವವರು ಒಂದು ಕಡೆ. ಇಷ್ಟು ವರ್ಷ ತಿಂದಿದ್ದೇವೆ, ಏನಾಗಿದೆ ಎನ್ನುವವರು ಇನ್ನೊಂದು ಕಡೆ. ಎಷ್ಟು ತಿಂದರೆ ಏನಾಗುತ್ತದೆ ಎಂದು ಇಬ್ಬರೂ ಕೇಳಲಿಲ್ಲ. ಆಹಾರದೊಳಗಿನ ರಾಸಾಯನಿಕಗಳ ಬಗ್ಗೆ ನೂರಿಪ್ಪತ್ತು ವರ್ಷಗಳಿಂದ ನಡೆದಿರುವ ಸಂಶೋಧನೆ ಈ ‘ಎಷ್ಟು’ವಿನ ಸುತ್ತಲೇ ತಿರುಗಿದೆ. ಅದಕ್ಕೆ ಇವತ್ತು ಬಹುತೇಕ ದೇಶಗಳು ಒಪ್ಪಿಕೊಂಡಿರುವ ಉತ್ತರದ ಹಿಂದೆ ಒಂದು ಸರಳ ಭಾಗಾಕಾರವಿದೆ: ಪ್ರಾಣಿಗಳಲ್ಲಿ ಹಾನಿ ಕಾಣಿಸದ ಪ್ರಮಾಣವನ್ನು ನೂರರಿಂದ ಭಾಗಿಸುವುದು. ಈ ನೂರು ಪ್ರಕೃತಿಯಲ್ಲಿ ಸಿಕ್ಕಿದ್ದಲ್ಲ, ಮನುಷ್ಯರು ಕೂತು ಒಪ್ಪಿಕೊಂಡದ್ದು. ಹಾಗಿದ್ದೂ ಅದನ್ನು ನಂಬಬಹುದು ಎಂಬುದು ನನ್ನ ವಾದ. ನಂಬಿಕೆ ಕುಸಿಯುವ ಜಾಗವೇ ಬೇರೆ. ತಟ್ಟೆಯಲ್ಲಿ ಏನಿದೆ, ಎಷ್ಟಿದೆ ಎಂದು ಅಳೆಯುವವರು ಇಲ್ಲದ ಕಡೆ ಅದು ಕುಸಿಯುತ್ತದೆ.

ಮೊದಮೊದಲು ಇಂಥ ಪರೀಕ್ಷೆಗೆ ಒಡ್ಡಿಕೊಂಡವರಲ್ಲಿ ಮನುಷ್ಯರೇ ಇದ್ದರು. 1902ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವಿ ವೈಲಿ ವಾಷಿಂಗ್ಟನ್‌ನ ತಮ್ಮ ಕಚೇರಿಯ ನೆಲಮಾಳಿಗೆಯಲ್ಲಿ ಊಟದ ಕೋಣೆ ತೆರೆದು, ಹನ್ನೆರಡು ಯುವಕರಿಗೆ ಪುಕ್ಕಟೆ ಊಟ ಹಾಕತೊಡಗಿದರು. ಆ ಊಟದಲ್ಲಿ ಮೊದಲು ಬೋರಾಕ್ಸ್, ಮುಂದೆ ಸ್ಯಾಲಿಸಿಲಿಕ್ ಆಮ್ಲ, ಫಾರ್ಮಾಲ್ಡಿಹೈಡ್ ಮುಂತಾದ ಆ ಕಾಲದ ಸಂರಕ್ಷಕಗಳು ಸೇರಿರುತ್ತಿದ್ದವು. ಬೋರಾಕ್ಸನ್ನು ಬೆಣ್ಣೆಯಲ್ಲಿ ಅಡಗಿಸಿಟ್ಟರೆ ಯುವಕರು ಬೆಣ್ಣೆಯನ್ನೇ ಮುಟ್ಟದೆ ಏಳುತ್ತಿದ್ದರು. ಕೊನೆಗೆ ಕ್ಯಾಪ್ಸೂಲಿನಲ್ಲಿ ತುಂಬಿ ನುಂಗಿಸಬೇಕಾಯಿತು. ತೂಕ ನೋಡಿ, ಮಲಮೂತ್ರ ಹಿಡಿದಿಟ್ಟು, ಯಾರಿಗೆ ತಲೆನೋವು, ಯಾರಿಗೆ ಹೊಟ್ಟೆ ತೊಳಸು ಎಂದು ಬರೆದಿಡಲಾಯಿತು. ಪತ್ರಿಕೆಗಳು ಇವರಿಗೆ ‘ವಿಷದ ಪಡೆ’ ಎಂದು ಹೆಸರಿಟ್ಟವು. ಇವತ್ತಿನ ಕಣ್ಣಿಗೆ ಆ ಪ್ರಯೋಗ ಅರೆಬರೆ: ಕ್ಯಾಪ್ಸೂಲು ನುಂಗದವರ ಗುಂಪೊಂದನ್ನು ಪಕ್ಕದಲ್ಲಿಟ್ಟು ಹೋಲಿಸುವ ಪದ್ಧತಿ ಇರಲಿಲ್ಲ, ಏನು ನುಂಗುತ್ತಿದ್ದೇವೆಂದು ತಿಂದವರಿಗೇ ಗೊತ್ತಿತ್ತು. ಆದರೂ 1906ರ ಆಹಾರ ಶುದ್ಧತೆಯ ಕಾಯ್ದೆಗೆ ಜನಾಭಿಪ್ರಾಯ ಮೂಡಿಸಿದ್ದರಲ್ಲಿ ಆ ಊಟದ ಮನೆಯ ಪಾಲು ದೊಡ್ಡದು. ಕಾಯ್ದೆಯೇನೋ ಬಂತು, ‘ಎಷ್ಟು’ ಮಾತ್ರ ಬಗೆಹರಿಯಲಿಲ್ಲ. ವೈಲಿ ಸ್ಯಾಕರಿನ್ ಎಂಬ ಸಿಹಿಕಾರಕವನ್ನು ಹಾನಿಕರ ಎಂದಾಗ, ವೈದ್ಯರ ಸಲಹೆಯ ಮೇರೆಗೆ ಅದನ್ನೇ ಸೇವಿಸುತ್ತಿದ್ದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸಿಡಿಮಿಡಿಗೊಂಡರು. ಇಂಥ ವಿವಾದಗಳನ್ನು ತೀರ್ಮಾನಿಸಲು 1908ರಲ್ಲಿ ನೇಮಕವಾದ ವಿಜ್ಞಾನಿಗಳ ಮಂಡಳಿಗೆ ಮುಖ್ಯಸ್ಥರಾದವರು ಇರಾ ರೆಮ್ಸನ್. ಸ್ಯಾಕರಿನ್ ಪತ್ತೆಯಾಗಿದ್ದೇ ಈ ರೆಮ್ಸನ್ ಅವರ ಪ್ರಯೋಗಾಲಯದಲ್ಲಿ! ಹಿತಾಸಕ್ತಿಯ ಸಂಘರ್ಷ ಎಂಬ ಇಂದಿನ ಗೊಣಗಾಟಕ್ಕೆ ಅಷ್ಟು ವಯಸ್ಸಾಗಿದೆ.

1937ರಲ್ಲಿ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ ಸಲ್ಫಾ ಔಷಧಿ ಕುಡಿದು ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಮಾರಾಟಕ್ಕೆ ಮೊದಲು ಅದನ್ನು ಯಾವ ಪ್ರಾಣಿಗೂ ತಿನ್ನಿಸಿ ನೋಡಿರಲಿಲ್ಲ. ಮರುವರ್ಷವೇ ಹೊಸ ಕಾಯ್ದೆ ಬಂತು. ಮುಂದೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ, ಅಂದರೆ ಎಫ್‌ಡಿಎಯ, ಪ್ರಯೋಗಾಲಯಗಳಲ್ಲಿ ಇಲಿಗಳ ಪಂಜರಗಳು ಹೆಚ್ಚಿದವು. ಪಂಜರ ಹೆಚ್ಚಿದಂತೆ ಹೊಸ ತೊಡಕೂ ಬಂತು. ಇಲಿಗೆ ಇಷ್ಟು ತಿಂದರೆ ಏನೂ ಆಗುವುದಿಲ್ಲ ಎಂದು ಗೊತ್ತಾಯಿತು, ಸರಿ. ಮನುಷ್ಯರಿಗೆ ಎಷ್ಟು? 1954ರಲ್ಲಿ ಎಫ್‌ಡಿಎಯ ಆರ್ನಾಲ್ಡ್ ಲೇಮನ್ ಮತ್ತು ಗಾರ್ತ್ ಫಿಟ್ಜ್‌ಹ್ಯೂ ಒಂದು ಚಿಕ್ಕ ಬರಹದಲ್ಲಿ ಉತ್ತರ ಕೊಟ್ಟರು: ನೂರರಲ್ಲಿ ಒಂದು ಪಾಲು. ಮನುಷ್ಯ ಇಲಿಗಿಂತ ಹೆಚ್ಚು ಸೂಕ್ಷ್ಮವಾಗಿರಬಹುದು. ಮನುಷ್ಯರಲ್ಲೇ ರೋಗಿಗಳು, ಬಡಕಲು ದೇಹದವರು ಇರುತ್ತಾರೆ. ಪರೀಕ್ಷೆಗೆ ಬಳಸುವ ಇಲಿಗಳ ಸಂಖ್ಯೆ ಅದನ್ನು ತಿನ್ನಲಿರುವ ಜನಕೋಟಿಗೆ ಹೋಲಿಸಿದರೆ ತೀರ ಸಣ್ಣದು. ಜನ ಒಂದೇ ರಾಸಾಯನಿಕವನ್ನು ತಿನ್ನುವುದಿಲ್ಲ. ಇವೆಲ್ಲಕ್ಕೂ ಸೇರಿ ನೂರು ಪಟ್ಟು ಅಂತರವಿರಲಿ ಎಂಬುದು ಅವರ ತರ್ಕ. ಇದು ಇಟ್ಟುಕೊಳ್ಳಬಹುದಾದ ಒಳ್ಳೆಯ ಗುರಿಯೇ ಹೊರತು ಕಲ್ಲಿನಲ್ಲಿ ಕೊರೆದ ನಿಯಮವಲ್ಲ ಎಂಬ ಎಚ್ಚರ ಅವರಿಗೇ ಇತ್ತು. ಮುಂದಿನವರಿಗೆ ಆ ಎಚ್ಚರಕ್ಕಿಂತ ಅಂಕಿ ಚೆನ್ನಾಗಿ ನೆನಪುಳಿಯಿತು.

ಈ ಅಂಕಿಯನ್ನು ಜಗತ್ತಿನ ಕಾನೂನಿಗೆ ತಂದದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ. ಜೆಕ್ಫಾ ಎಂದು ಕರೆಯುವ ಈ ಸಮಿತಿ ಮೊದಲು ಸೇರಿದ್ದು 1956ರಲ್ಲಿ. ಅದರಲ್ಲಿದ್ದ ಫ್ರಾನ್ಸಿನ ವಿಷಶಾಸ್ತ್ರಜ್ಞ ರೆನೆ ಟ್ರೂಹೋ ಮುಂತಾದವರ ಯೋಚನೆಯಿಂದ 1961ರ ಹೊತ್ತಿಗೆ ‘ಎಡಿಐ’ ರೂಪುಗೊಂಡಿತು. ಒಬ್ಬ ವ್ಯಕ್ತಿ ಜೀವಮಾನವಿಡೀ ಪ್ರತಿದಿನ ತಿಂದರೂ ಗುರುತಿಸಬಹುದಾದ ಅಪಾಯವಿಲ್ಲದ ಪ್ರಮಾಣ ಅದು. ದೇಹತೂಕದ ಒಂದೊಂದು ಕಿಲೋಗೂ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಆಸ್ಪರ್ಟೇಮ್ ಎಂಬ ಸಿಹಿಕಾರಕದ ಲೆಕ್ಕ ನೋಡಿ. ಇಲಿಗಳಿಗೆ ದಿನಕ್ಕೆ ಕಿಲೋಗೆ 4000 ಮಿ.ಗ್ರಾಂವರೆಗೆ ಕೊಟ್ಟಾಗಲೂ ಲೆಕ್ಕಕ್ಕೆ ಹಿಡಿಯುವಂಥ ಹಾನಿ ಕಾಣಲಿಲ್ಲ. ನೂರರಿಂದ ಭಾಗಿಸಿದರೆ 40. ಎಪ್ಪತ್ತು ಕಿಲೋ ತೂಗುವವರಿಗೆ ದಿನಕ್ಕೆ 2800 ಮಿ.ಗ್ರಾಂ. ಒಂದು ಕ್ಯಾನ್ ಡಯೆಟ್ ಪಾನೀಯದಲ್ಲಿ 200ರಿಂದ 300 ಮಿ.ಗ್ರಾಂ ಇದೆ ಎಂದುಕೊಂಡರೆ, ಮಿತಿ ದಾಟಲು ದಿನಕ್ಕೆ ಒಂಬತ್ತರಿಂದ ಹದಿನಾಲ್ಕು ಕ್ಯಾನ್ ಕುಡಿಯಬೇಕು. 2023ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮನ್ನು ‘ಕ್ಯಾನ್ಸರ್ ತರಬಹುದಾದ’ವುಗಳ ಪಟ್ಟಿಗೆ ಸೇರಿಸಿದ್ದು ದೊಡ್ಡ ಸುದ್ದಿಯಾಯಿತು. ಅದೇ ದಿನ ಜೆಕ್ಫಾ 40 ಎಂಬ ಮಿತಿಯನ್ನು ಬದಲಿಸುವ ಕಾರಣವಿಲ್ಲ ಎಂದದ್ದು ಮೂಲೆಗೆ ಹೋಯಿತು. ಒಂದು ಸಂಸ್ಥೆ ಕೇಳಿದ್ದು ಇದರಿಂದ ಎಂದಾದರೂ ಅಪಾಯ ಆಗಬಲ್ಲದೇ ಎಂದು, ಇನ್ನೊಂದು ಕೇಳಿದ್ದು ನಾವು ತಿನ್ನುವಷ್ಟರಲ್ಲಿ ಆಗುತ್ತದೆಯೇ ಎಂದು.

ಊಹೆಯಿಂದ ಹುಟ್ಟಿದ ಅಂಕಿಯನ್ನು ಯಾಕೆ ನಂಬಬೇಕು? ಅದನ್ನು ಆಮೇಲೆ ಬಿಡಿಸಿ ನೋಡಿದ್ದಾರೆ ಎಂಬ ಕಾರಣಕ್ಕೆ. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಆಂಡ್ರ್ಯೂ ರೆನ್‌ವಿಕ್, ಹತ್ತನ್ನು ಹತ್ತರಿಂದ ಗುಣಿಸಿ ಬರುವ ಆ ನೂರರ, ಪ್ರಾಣಿಯಿಂದ ಮನುಷ್ಯನಿಗೆ ಹತ್ತು, ಮನುಷ್ಯನಿಂದ ಮನುಷ್ಯನಿಗೆ ಹತ್ತು ಎಂಬ ಎರಡು ಭಾಗಗಳನ್ನೂ ಮತ್ತೆ ಸೀಳಿದರು. ದೇಹ ಆ ವಸ್ತುವನ್ನು ಎಷ್ಟು ಬೇಗ ಹೊರಹಾಕುತ್ತದೆ ಎಂಬುದಕ್ಕೆ ಒಂದು ಪಾಲು, ಉಳಿದದ್ದು ಅಂಗಾಂಗಕ್ಕೆ ಎಷ್ಟು ತಾಗುತ್ತದೆ ಎಂಬುದಕ್ಕೆ ಇನ್ನೊಂದು. ಇದರಿಂದ ಆದ ಉಪಯೋಗವೆಂದರೆ, ಒಂದು ವಸ್ತುವಿನ ಬಗ್ಗೆ ನಿಜವಾದ ಮಾಹಿತಿ ಸಿಕ್ಕಾಗ ಆ ಪಾಲಿನ ಊಹೆಯನ್ನು ಕಿತ್ತು ಮಾಹಿತಿಯನ್ನು ಕೂರಿಸಬಹುದು. ಮಾಹಿತಿ ಮಿತಿಯನ್ನು ಕೆಳಗೂ ಎಳೆಯಬಲ್ಲದು. ಪ್ಲಾಸ್ಟಿಕ್ ಡಬ್ಬಿಗಳಿಂದ ಆಹಾರಕ್ಕೆ ಇಳಿಯುವ ಬಿಸ್ಫಿನಾಲ್-ಎಯ ಮಿತಿಯನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಸುಮಾರು ಇಪ್ಪತ್ತು ಸಾವಿರ ಪಟ್ಟು ಇಳಿಸಿತು. ಇದನ್ನು ಕೆಲವರು ಹಳೆಯ ಅಂಕಿ ಸುಳ್ಳಾಗಿತ್ತು ಎಂಬುದಕ್ಕೆ ಸಾಕ್ಷಿ ಎನ್ನುತ್ತಾರೆ. ನನಗೆ ಕಾಣುವುದು ಬೇರೆ: ಈ ಅಂಕಿ ಯಾರ ಮಾನಕ್ಕೂ ಅಂಟಿಕೊಂಡಿಲ್ಲ, ಹೊಸ ಪುರಾವೆ ಬಂದರೆ ಬಿಟ್ಟುಕೊಡುತ್ತದೆ.

ಅನುಮಾನವಿದ್ದ ಮೇಲೆ ಸೊನ್ನೆ ಎಂದೇ ಇಟ್ಟುಬಿಡಬಾರದೇ ಎಂಬ ಆಕ್ಷೇಪ ಬಲವಾದದ್ದು, ಅದಕ್ಕೆ ಹಿನ್ನೆಲೆಯೂ ಇದೆ. 1930ರ ದಶಕದಲ್ಲಿ ಜಪಾನಿನ ಸಂಶೋಧಕರು, ಬೆಣ್ಣೆ ಮತ್ತು ಮಾರ್ಗರಿನ್‌ಗೆ ಹಾಕುತ್ತಿದ್ದ ‘ಬಟರ್ ಯೆಲ್ಲೋ’ ಎಂಬ ಬಣ್ಣದಿಂದ ಇಲಿಗಳಿಗೆ ಯಕೃತ್ತಿನ ಕ್ಯಾನ್ಸರ್ ಬರುವುದನ್ನು ತೋರಿಸಿದರು. ಜರ್ಮನಿಯ ಹರ್ಮನ್ ಡ್ರುಕ್ರಿ ಅದೇ ಬಣ್ಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ತಿನ್ನಿಸಿ, ಸಣ್ಣ ಸಣ್ಣ ಪ್ರಮಾಣವೂ ಕೂಡಿ ಕೂಡಿ ಕ್ಯಾನ್ಸರಿಗೆ ದಾರಿಯಾಗುತ್ತದೆ, ಇದಕ್ಕೆ ಸುರಕ್ಷಿತ ಮಿತಿಯೇ ಇಲ್ಲ ಎಂದರು. 1958ರಲ್ಲಿ ಅಮೆರಿಕದ ಸಂಸದ ಜೇಮ್ಸ್ ಡಿಲೇನಿ ಅವರ ಹೆಸರಿನ ಕಲಂ ಕಾಯ್ದೆ ಸೇರಿತು: ಮನುಷ್ಯರಲ್ಲಾಗಲಿ ಪ್ರಾಣಿಗಳಲ್ಲಾಗಲಿ ಕ್ಯಾನ್ಸರ್ ತರುತ್ತದೆಂದು ಕಂಡ ಯಾವುದನ್ನೂ ಆಹಾರಕ್ಕೆ ಸೇರಿಸಕೂಡದು. ಕೇಳಲು ಹಿತವಾದ ನಿಯಮ. ಆದರೆ 1977ರಲ್ಲಿ ಭಾರಿ ಪ್ರಮಾಣದ ಸ್ಯಾಕರಿನ್ ತಿಂದ ಇಲಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬಂದಾಗ ಈ ಕಲಂ ಮುಗ್ಗರಿಸಿತು. ಎಫ್‌ಡಿಎ ನಿಷೇಧಕ್ಕೆ ಹೊರಟಿತು, ಜನರ ಒತ್ತಡಕ್ಕೆ ಅಲ್ಲಿನ ಸಂಸತ್ತು ಅದನ್ನು ತಡೆದು ಎಚ್ಚರಿಕೆಯ ಲೇಬಲ್ ಹಾಕಿಸಿತು. ಆ ಗಡ್ಡೆ ಬರುವ ಕ್ರಮ ಇಲಿಯ ಮೂತ್ರದ ವಿಶೇಷಕ್ಕೆ ಸಂಬಂಧಿಸಿದ್ದು, ಮನುಷ್ಯರಿಗೆ ಅನ್ವಯಿಸದು ಎಂದು ಸ್ಪಷ್ಟವಾದ ಮೇಲೆ 2000ದಲ್ಲಿ ಲೇಬಲ್ಲೂ ಹೋಯಿತು. ಇನ್ನು ಸೊನ್ನೆಯನ್ನು ಕಾರ್ಖಾನೆಗೆ ಹೇಳಬಹುದು, ಹೊಲಕ್ಕೆ ಹೇಳಲಾಗದು. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾನ್ಸ್‌ವಾಡಾ ಜಿಲ್ಲೆಗಳಲ್ಲಿ ನೂರಕ್ಕೂ ಹೆಚ್ಚು ಜನರ ಯಕೃತ್ತು ಕೆಡಿಸಿ ಕೊಂದದ್ದು ಯಾವ ಕಂಪನಿಯ ಕೆಮಿಕಲ್ಲೂ ಅಲ್ಲ. ಮಳೆಗೆ ನೆಂದ ಮೆಕ್ಕೆಜೋಳಕ್ಕೆ ಹಿಡಿದ ಬೂಷ್ಟಿನ ಅಫ್ಲಾಟಾಕ್ಸಿನ್. ಅದಕ್ಕೆ ಎಡಿಐ ಇಲ್ಲ, ಆದಷ್ಟೂ ಕಡಿಮೆ ಮಾಡಿ ಎಂದಷ್ಟೇ ಹೇಳುತ್ತಾರೆ. ಸಹಜವಾದದ್ದು ಒಳ್ಳೆಯದು, ಕೃತಕವಾದದ್ದು ಕೆಟ್ಟದ್ದು ಎಂಬ ಗೆರೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅಧ್ಯಯನ ಮಾಡಿಸುವವರು ಮಾರುವ ಕಂಪನಿಗಳೇ ಅಲ್ಲವೇ ಎಂದರೆ, ಹೌದು, ಬಹುಮಟ್ಟಿಗೆ ಹೌದು. 1970ರ ದಶಕದಲ್ಲಿ ಅಮೆರಿಕದ ಇಂಡಸ್ಟ್ರಿಯಲ್ ಬಯೋ-ಟೆಸ್ಟ್ ಎಂಬ ಪ್ರಯೋಗಾಲಯ ಇಂಥ ಪರೀಕ್ಷೆಗಳ ಅಂಕಿಅಂಶಗಳನ್ನೇ ತಿರುಚಿದ್ದು ಬಯಲಾಗಿ, ಅಧಿಕಾರಿಗಳು ಶಿಕ್ಷೆಗೂ ಗುರಿಯಾದರು. ಪ್ರತಿ ಇಲಿಯ ಲೆಕ್ಕ, ಪ್ರತಿ ಗಾಜಿನ ಸ್ಲೈಡು ತನಿಖೆಗೆ ಸಿಗುವಂತೆ ಕಾಪಿಡಬೇಕೆಂಬ ಪ್ರಯೋಗಾಲಯ ಶಿಸ್ತಿನ ನಿಯಮಗಳು ಬಂದದ್ದು ಆ ಹಗರಣದ ಬೆನ್ನಲ್ಲೇ. ಅನುಮಾನ ಅದರಿಂದ ಪೂರ್ತಿ ಹೋಗಬೇಕಿಲ್ಲ. ಹಲವು ಬಣ್ಣಗಳನ್ನು ಒಟ್ಟಿಗೆ ತಿಂದರೇನು ಎಂಬ ಪ್ರಶ್ನೆಯಂತೂ ಇನ್ನೂ ಬಾಕಿ. 2007ರಲ್ಲಿ ಸೌತಾಂಪ್ಟನ್‌ನ ತಂಡ ಕೆಲವು ಬಣ್ಣಗಳು ಮತ್ತು ಸೋಡಿಯಂ ಬೆಂಜೋಯೇಟ್ ಕೂಡಿಸಿದ ಪಾನೀಯವನ್ನು ಮಕ್ಕಳಿಗೆ ಕೊಟ್ಟು, ಕೆಲವರಲ್ಲಿ ಚಡಪಡಿಕೆ ಹೆಚ್ಚಿದ್ದನ್ನು ಗುರುತಿಸಿತು. ಪರಿಣಾಮ ಸಣ್ಣದು, ಎಲ್ಲ ಮಕ್ಕಳಲ್ಲೂ ಒಂದೇ ತರಹದ್ದಲ್ಲ. ಯುರೋಪ್ 2010ರಿಂದ ಆ ಬಣ್ಣಗಳಿರುವ ಪೊಟ್ಟಣಗಳ ಮೇಲೆ ಎಚ್ಚರಿಕೆ ಬರೆಸುತ್ತಿದೆ.

ನನಗೆ ಇವೆಲ್ಲಕ್ಕಿಂತ ಗಂಭೀರವಾಗಿ ಕಾಣುವ ಲೋಪವನ್ನು ಎರಿಥ್ರೋಸಿನ್ ಎಂಬ ಗುಲಾಬಿ-ಕೆಂಪು ಬಣ್ಣದ ಮೂಲಕ ತೋರಿಸಬಹುದು. ಇದರ ವಿಷಯದಲ್ಲಿ ಮನುಷ್ಯರ ಮೇಲಿನ ಪ್ರಯೋಗವೇ ಇದೆ: ದಿನಕ್ಕೆ 60 ಮಿ.ಗ್ರಾಂ ಸೇವಿಸಿದಾಗಲೂ ಥೈರಾಯ್ಡ್‌ಗೆ ಏನೂ ಆಗಲಿಲ್ಲ. ಹಾಗಾಗಿ ಜೆಕ್ಫಾ ಇಲ್ಲಿ ನೂರರ ಬದಲು ಹತ್ತರಿಂದ ಭಾಗಿಸಿ, ದೇಹತೂಕದ ಕಿಲೋಗೆ 0.1 ಮಿ.ಗ್ರಾಂ ಎಂದಿತು. ಹದಿನೈದು ಕಿಲೋ ತೂಗುವ ಮಗುವಿಗೆ ದಿನಕ್ಕೆ 1.5 ಮಿ.ಗ್ರಾಂ. ನಮ್ಮಲ್ಲಿ ಅನುಮತಿಯಿರುವ ಸಿಹಿತಿಂಡಿಗಳಲ್ಲಿ ಕಿಲೋಗೆ 100 ಮಿ.ಗ್ರಾಂವರೆಗೆ ಕೃತಕ ಬಣ್ಣ ಹಾಕಬಹುದು. ಅಷ್ಟನ್ನೂ ಇದೇ ಬಣ್ಣದಿಂದ ತುಂಬಿದ್ದರೆ, ಕಾನೂನು ಒಂದಿಷ್ಟೂ ಮುರಿಯದ ಹದಿನೈದು ಗ್ರಾಂ ಮಿಠಾಯಿಯಲ್ಲೇ ಆ ಮಗುವಿನ ಮಿತಿ ಮುಗಿಯಿತು. ಮಿತಿ ಹೆಚ್ಚಿರುವ ಸನ್‌ಸೆಟ್ ಯೆಲ್ಲೋ ಬಣ್ಣವಾಗಿದ್ದರೆ 600 ಗ್ರಾಂ ತಿನ್ನಬೇಕಿತ್ತು. ಅಂದರೆ ಮಿತಿ ಸರಿಯಿದೆ, ತಿನ್ನುವ ಲೆಕ್ಕವೇ ಮಾಡಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬಣ್ಣದ ತಿನಿಸು ಹೆಚ್ಚಾಗಿ ತಿನ್ನುವ ಕೆಲವರು ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಎರಿಥ್ರೋಸಿನ್‌ಗಳ ಎಡಿಐ ದಾಟಿದ್ದು ಕಂಡಿತ್ತು. ಅಮೆರಿಕ 2025ರ ಜನವರಿಯಲ್ಲಿ ಇದೇ ಎರಿಥ್ರೋಸಿನ್‌ಗೆ ಆಹಾರದಲ್ಲಿದ್ದ ಅನುಮತಿ ಹಿಂತೆಗೆದುಕೊಂಡಿತು. ಕೊಟ್ಟ ಕಾರಣ ಮಾತ್ರ ಗಂಡು ಇಲಿಗಳ ಥೈರಾಯ್ಡ್ ಗಡ್ಡೆ ಮತ್ತು ಡಿಲೇನಿ ಕಲಂ. ಆ ಗಡ್ಡೆ ಬರುವ ಬಗೆ ಮನುಷ್ಯರಲ್ಲಿ ಇಲ್ಲ ಎಂದು ಎಫ್‌ಡಿಎಯೇ ಹೇಳಿತು. ಸರಿಯಾದ ನಿರ್ಧಾರಕ್ಕೆ ಎಡವಟ್ಟು ಕಾರಣ ಎನ್ನಬೇಕೇನೋ.

ಹೀಗೆ ನೋಡಿದರೆ ಕರ್ನಾಟಕದ 2024ರ ಕ್ರಮಗಳಲ್ಲಿ ಎರಡು ಬೇರೆ ಪ್ರಕರಣಗಳಿವೆ. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆ, ಕಾಗದಗಳಿಗೆ ಹಾಕುವ ಬಣ್ಣ. ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಖಚಿತವಾಗಿ ಹೇಳುವಷ್ಟು ಪುರಾವೆ ಇಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ವರ್ಗೀಕರಿಸಲಾಗದವುಗಳ ಸಾಲಿನಲ್ಲಿಟ್ಟಿದೆ. ಆದರೆ ಆ ಪುರಾವೆಗೆ ಕಾಯಬೇಕಾದ ಅಗತ್ಯವೇ ಇಲ್ಲ. ಆಹಾರಕ್ಕೆಂದು ತಯಾರಾಗದ, ನೂರರಿಂದ ಭಾಗಿಸಿ ಮಿತಿ ಕಟ್ಟದ ಬಣ್ಣಕ್ಕೆ ‘ಸ್ವಲ್ಪವಾದರೆ ಪರವಾಗಿಲ್ಲ’ ಎಂದು ಹೇಳಲು ಯಾರಿಗೂ ಆಧಾರವಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೆ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಮಾದರಿಗಳಲ್ಲಿ ಸಿಕ್ಕಿದ್ದು ಸನ್‌ಸೆಟ್ ಯೆಲ್ಲೋ ಮತ್ತು ಕಾರ್ಮೋಸಿನ್. ಇವೆರಡೂ ದೇಶದ ಅನುಮತಿ ಪಟ್ಟಿಯಲ್ಲಿರುವ ಬಣ್ಣಗಳು, ಎಡಿಐ ಇರುವವು. ತಪ್ಪಿದ್ದು ಬಣ್ಣವಲ್ಲ, ಹಾಕಬಾರದ ತಿನಿಸಿಗೆ ಹಾಕಿದ್ದು. ಗಾಡಿಯಲ್ಲಿ ಬಣ್ಣ ಬೀಳುವುದು ಚಿಟಿಕೆಯ ಅಂದಾಜಿನಲ್ಲಿ. ಕಿಲೋಗೆ 100 ಮಿ.ಗ್ರಾಂ ತೂಗುವ ತಕ್ಕಡಿ ಬಾಣಲೆಯ ಪಕ್ಕ ಇರುವುದಿಲ್ಲ. ಆದ್ದರಿಂದ ಬೀದಿಬದಿಯ ತಿನಿಸಿಗೆ ಬಣ್ಣವೇ ಬೇಡ ಎಂಬ ಆದೇಶ ಒಪ್ಪತಕ್ಕದ್ದೇ. ಪೊಟ್ಟಣದ ತಿನಿಸಿನ ಮಾತು ಬೇರೆ. ಅಲ್ಲಿ ಅಳೆಯಲು ಯಂತ್ರಗಳಿವೆ, ಅಂಕಿಗಳಿವೆ. ಬೇಕಾಗಿರುವುದು ಯಾವ ಊರಿನ, ಯಾವ ವಯಸ್ಸಿನ ಮಕ್ಕಳು ವಾರದಲ್ಲಿ ಎಷ್ಟು ಗ್ರಾಂ ಬಣ್ಣದ ತಿನಿಸು ತಿನ್ನುತ್ತಾರೆ ಎಂಬ ಸಮೀಕ್ಷೆ. 1950ರಿಂದ ಮೈಸೂರಿನಲ್ಲಿ ಆಹಾರ ತಂತ್ರಜ್ಞಾನದ ಕೇಂದ್ರ ಸಂಶೋಧನಾಲಯ ಇರುವ ರಾಜ್ಯಕ್ಕೆ ಅದು ಮೀರಿದ ಕೆಲಸವೇನಲ್ಲ. ಎರಿಥ್ರೋಸಿನ್‌ನಿಂದಲೇ ಶುರು ಮಾಡಬಹುದು.