ರೊಕ್ಕ ಎಣಿಸಿಕೊಳ್ಳುವ ಮೊದಲು

2025-26ರ ಹಂಗಾಮಿಗೆ ಸೋಯಾಬೀನ್‌ನ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328 ರೂಪಾಯಿ. ಆ ದರ ಸಿಕ್ಕರೆ 40 ಕ್ವಿಂಟಲ್‌ಗೆ 2,13,120 ರೂಪಾಯಿ ಆಯಿತು. ನಮ್ಮ ಭಾಗದ ರೈತರೊಬ್ಬರು ಈ ಮಾಲನ್ನು ಉಮರ್ಗಾ ಮೊಂಢಾದಲ್ಲಿ ಒಂದೇ ಅಡತ್ ಅಂಗಡಿಗೆ ಹಾಕಿ, ಅಷ್ಟನ್ನೂ ನೋಟಿನಲ್ಲೇ ಎಣಿಸಿಕೊಂಡರು ಅನ್ನಿ. ದಂಡದ ಭಯ ಇರುವುದು ಆ ರೈತರಿಗೇ.

ಲೋಹಾರಾದಲ್ಲಿ ಅಂಗಡಿಕಾರರ ಲೆಕ್ಕ ಬರೆಯುವುದು ನನ್ನ ಕೆಲಸ. ದೀಪಾವಳಿ ಮುಗಿದು ಲಗ್ನಸರಾಯಿ ಶುರುವಾದರೆ ಸಾಕು, ಬಂದವರೆಲ್ಲ ಕೇಳುವುದು ಒಂದೇ: "ನಮ್ಮ ರೊಕ್ಕ ನಾವು ಕೊಡ್ಲಾಕ ಸರ್ಕಾರದ್ದೇನು ಅಡ್ಡಿ ಅದ ರೀ ಸರ?" ಕಾನೂನು ಹಿಡಿಯುವುದು ಕೊಟ್ಟವರನ್ನಲ್ಲ, ತೆಗೆದುಕೊಂಡವರನ್ನು ಎಂದು ಹೇಳಿದಾಗ ಬಹಳ ಜನ ಬೆರಗಾಗುತ್ತಾರೆ.

ಆದಾಯ ತೆರಿಗೆ ಕಾನೂನಿಗೆ ಈ ನಿಯಮ ಸೇರಿದ್ದು 2017ರ ಏಪ್ರಿಲ್ 1ರಂದು. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯಬಾರದು. ಒಂದೇ ವ್ಯವಹಾರಕ್ಕೂ ಅಷ್ಟು ಪಡೆಯಬಾರದು. ಒಂದೇ ಸಮಾರಂಭದ ಬಾಬತ್ತಿಗೂ ಪಡೆಯಬಾರದು. ತಪ್ಪಿದರೆ ಎಷ್ಟು ಪಡೆದರೋ ಅಷ್ಟೇ ದಂಡ. ಹೀಗಾಗಿ 3 ಲಕ್ಷದ ಒಂದು ಬಿಲ್ಲನ್ನು ದಿನಕ್ಕೆ 1 ಲಕ್ಷದಂತೆ ಮೂರು ದಿನ ತೀರಿಸಿದರೂ ಪಾರಾಗುವಂತಿಲ್ಲ. ಒಂದೇ ಮದುವೆಯ ಪೆಂಡಾಲಿಗೆ, ಊಟಕ್ಕೆ ಬೇರೆ ಬೇರೆ ರಸೀದಿ ಹರಿದರೂ ಹಣ ಪಡೆದವರು ಒಬ್ಬರೇ ಆದರೆ ಎಲ್ಲವೂ ಕೂಡಿಯೇ ಲೆಕ್ಕ. ಬ್ಯಾಂಕಿನಲ್ಲಿಟ್ಟ ನಮ್ಮ ಹಣವನ್ನು ನಾವೇ ತೆಗೆದುಕೊಳ್ಳುವುದಕ್ಕೆ ಮಾತ್ರ ಈ ಮಿತಿ ಇಲ್ಲ.

ರೈತರಿಗೆ ಎಷ್ಟು ಸಡಿಲಿಕೆ ಇದೆ ಎಂಬುದನ್ನು ತೆರಿಗೆ ಮಂಡಳಿ 2017ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿ ತಿಳಿಸಿತು: ಸ್ವಂತ ಬೆಳೆಯನ್ನು 2 ಲಕ್ಷಕ್ಕಿಂತ ಕಡಿಮೆ ನಗದಿಗೆ ಮಾರಿದರೆ ತೊಂದರೆಯಿಲ್ಲ, ಪ್ಯಾನ್ ಕೂಡ ಬೇಡ. ಅದರಾಚೆಗೆ ಖಾತೆಗೆ ಹಾಕಿಸಿಕೊಳ್ಳುವುದೇ ದಾರಿ.

ಭೂಮಿಯಲ್ಲಿ ಮಿತಿ ಇನ್ನೂ ಬಿಗಿ. 2015ರ ಜೂನ್ 1ರಿಂದ ಹೊಲ, ಪ್ಲಾಟು, ಮನೆಯ ಇಸಾರವನ್ನು 20,000 ರೂಪಾಯಿ ಅಥವಾ ಹೆಚ್ಚು ನಗದಿನಲ್ಲಿ ಪಡೆಯುವಂತಿಲ್ಲ. ಇಬ್ಬರಿಗೂ ಬೇಸಾಯದ ಆದಾಯವಿದ್ದು, ಇಬ್ಬರಲ್ಲಿ ಯಾರಿಗೂ ತೆರಿಗೆ ಬೀಳುವ ಆದಾಯ ಇಲ್ಲದಿದ್ದರೆ ವಿನಾಯಿತಿ ಉಂಟು. ಆದರೂ ನನ್ನ ಮೇಜಿಗೆ ಬರುವ ಇಸಾರ ಪತ್ರಗಳನ್ನು ನೋಡಿ: ಸ್ಟ್ಯಾಂಪ್ ಪೇಪರಿನ ಮೇಲೆ ಸಾತಬಾರಾದ ಗಟ್ ನಂಬರು, ಚತುಸ್ಸೀಮೆ, ಇಬ್ಬರು ಸಾಕ್ಷಿಗಳ ಸಹಿ, ಕೆಳಗೆ "ಮೂರು ಲಕ್ಷ ರೋಖ ಪಾವತಿಸಿದೆ" ಎಂಬ ಒಂದು ಸಾಲು. ಆ ನೋಟು ಎಲ್ಲಿಂದ ಬಂತು ಎಂಬುದಕ್ಕೆ ಒಂದಕ್ಷರ ಆಧಾರವಿರುವುದಿಲ್ಲ.

ಅಂಥ ಒಂದು ಸಾಲಿನ ಗತಿ ಏನಾದೀತು ಎಂಬುದನ್ನು ಬೆಂಗಳೂರಿನ ಪ್ರಕರಣವೊಂದು ತೋರಿಸಿತು. ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ವಶದಲ್ಲಿದ್ದ ಆಸ್ತಿಗೆ 75 ಲಕ್ಷ ರೂಪಾಯಿ ಮುಂಗಡವನ್ನು ನಗದಾಗಿ ಕೊಟ್ಟಿದ್ದೇವೆಂದು, 2018ರ ಕರಾರು ಹಿಡಿದು ಕೆಲವರು ದಾವೆ ಹೂಡಿದ್ದರು. 2025ರ ಏಪ್ರಿಲ್ 16ರಂದು ಸುಪ್ರೀಂ ಕೋರ್ಟು ಆ ದಾವೆಯನ್ನೇ ತಿರಸ್ಕರಿಸಿತು. ಅಷ್ಟಕ್ಕೇ ಬಿಡಲಿಲ್ಲ. 2 ಲಕ್ಷ ಅಥವಾ ಹೆಚ್ಚು ನಗದು ಕೊಟ್ಟೆವೆಂದು ದಾವೆಯಲ್ಲಿ ಬರೆದಿದ್ದರೆ ನ್ಯಾಯಾಲಯಗಳು, ನೋಂದಣಿ ಪತ್ರದಲ್ಲಿ ಬರೆದಿದ್ದರೆ ಉಪನೋಂದಣಾಧಿಕಾರಿಗಳು ತೆರಿಗೆ ಇಲಾಖೆಗೆ ತಿಳಿಸಲೇಬೇಕೆಂದು ಆದೇಶಿಸಿತು. ಈ ಆದೇಶ ಇಡೀ ದೇಶಕ್ಕೆ ಅನ್ವಯ.

ಈ 2 ಲಕ್ಷದ ನಿಯಮದ ಮೇಲೆ ನನ್ನದೊಂದು ತಕರಾರು ಇದೆ. 2017ರಲ್ಲಿ 2 ಲಕ್ಷಕ್ಕೆ ಸುಮಾರು ಆರು ತೊಲ ಬಂಗಾರ ಬರುತ್ತಿತ್ತು. 2025ರಲ್ಲಿ 10 ಗ್ರಾಂ ಬೆಲೆಯೇ 1 ಲಕ್ಷ ದಾಟಿತು. ಕಾಳಾ ಧನ ಹಿಡಿಯಲು ಹಾಕಿದ ಗೆರೆಗೆ ಈಗ ಮಗಳಿಗೆ ಎರಡು ತೊಲ ಮಾಡಿಸುವ ಕೂಲಿಯವನ ಮನೆಯೂ ತಾಗುತ್ತದೆ. ಮಿತಿಯನ್ನು ಬೆಲೆಗೆ ತಕ್ಕಂತೆ ಏರಿಸಬೇಕು.

ಹಾಗಂತ ಮಿತಿಯೇ ಬೇಡ ಎನ್ನಲಾರೆ. ನಗದು ಕೊಟ್ಟು ಮೋಸಹೋದವರು ನನ್ನ ಮುಂದೆ ಕುಳಿತು ಅತ್ತಿದ್ದಾರೆ. ಅವರ ಕೈಯಲ್ಲಿ ಪುರಾವೆ ಇರಲಿಲ್ಲ, ಎದುರಿನವನ ಬಾಯಲ್ಲಿ ಸತ್ಯವಿರಲಿಲ್ಲ. ಮಾರುವವರಾಗಲಿ ಕೊಳ್ಳುವವರಾಗಲಿ, ಹಣವನ್ನು ಬ್ಯಾಂಕಿನ ಮೂಲಕವೇ ದಾಟಿಸಿ, ಚೆಕ್ಕಿನ ನಂಬರನ್ನು ಪತ್ರದಲ್ಲಿ ಬರೆಸಿ, ಅಡತಿನ ಪಟ್ಟಿಯನ್ನು ಜೋಪಾನ ಮಾಡಿ. ವ್ಯಾಜ್ಯ ಬಿದ್ದ ದಿನ ಬಡವರ ಪರವಾಗಿ ಸಾಕ್ಷಿ ನುಡಿಯುವುದು ಆ ಕಾಗದಗಳೇ.