ರಸ್ತೆ ಮುಳುಗಿದಾಗ ಆಕಾಶವೇ ದಾರಿ

ತುಂಗೆ ಉಕ್ಕಿ ಹರಿಯುವುದು ಶಿವಮೊಗ್ಗದವರಿಗೆ ಹೊಸದಲ್ಲ. ಗಾಜನೂರಿನ ಅಣೆಕಟ್ಟು ಚಿಕ್ಕದು. ಅದು ಹಿಡಿಯುವುದು ಮೂರು ಟಿ.ಎಂ.ಸಿ.ಗಿಂತ ತುಸು ಹೆಚ್ಚು ನೀರನ್ನಷ್ಟೆ. ಶೃಂಗೇರಿ, ತೀರ್ಥಹಳ್ಳಿಯ ಕಡೆ ಬಿಡದೆ ಮಳೆ ಸುರಿದರೆ ಅದು ಬೇಗನೆ ತುಂಬಿ, ಮಿಕ್ಕದ್ದೆಲ್ಲ ನೇರವಾಗಿ ಊರಿನತ್ತ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಹೀಗೆಯೇ ಆಯಿತು. ಕುಂಬಾರಗುಂಡಿ, ಇಮಾಂಬಾಡ, ವಿದ್ಯಾನಗರ, ರಾಜೀವ್ ಗಾಂಧಿ ಬಡಾವಣೆಯ ಮನೆಗಳಿಗೆ ನೀರು ನುಗ್ಗಿತು. ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಭದ್ರಾವತಿಯವರಿಗೆ ಲಕ್ಕವಳ್ಳಿಯ ದೊಡ್ಡ ಜಲಾಶಯದ ಆಸರೆಯಿದೆ. ಆದರೆ ಅದೂ ತುಂಬಿ ಗೇಟು ತೆರೆದ ದಿನ ಭದ್ರೆಯ ದಂಡೆಯವರಿಗೆ ನಿದ್ದೆಯಿಲ್ಲ.

ಕೂಡ್ಲಿಯಲ್ಲಿ ಒಂದಾಗುವ ಈ ಎರಡು ನದಿಗಳ ನೀರು ಅದೇ ತಿಂಗಳು ಕೊಪ್ಪಳ ಜಿಲ್ಲೆಯ ವಿರೂಪಾಪುರ ಗಡ್ಡೆಯನ್ನು ಸುತ್ತುವರಿಯಿತು. ಅಲ್ಲಿ ಸಿಕ್ಕಿಬಿದ್ದ ಪ್ರವಾಸಿಗರ ರಕ್ಷಣೆಗೆ ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು.

ವಾಯುಪಡೆಯ ಸೇವೆ ದೊಡ್ಡದು. ಆದರೆ ಒಂದೇ ದಿನ ನೂರು ಊರುಗಳ ರಸ್ತೆ ಕಡಿದುಹೋದರೆ ಎಲ್ಲೆಲ್ಲಿಗೆಂದು ಅವರು ಹೋಗಬೇಕು? ಈ ಪ್ರಶ್ನೆಗೆ ಕೆಲವು ದೇಶಗಳಲ್ಲಿ ಸಾಮಾನ್ಯ ಜನರೇ ಉತ್ತರ ಕೊಟ್ಟಿದ್ದಾರೆ.

ಸಣ್ಣ ವಿಮಾನ, ದೊಡ್ಡ ಕೆಲಸ

2021ರ ನವೆಂಬರ್‌ನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮಹಾಮಳೆ ಸುರಿಯಿತು. ಗುಡ್ಡ ಕುಸಿದು ಹೆದ್ದಾರಿಗಳು ಮುಚ್ಚಿಹೋದವು. ಹೋಪ್ ಎಂಬ ಪುಟ್ಟ ಊರಿನಲ್ಲಿ ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಸಿಕ್ಕಿಬಿದ್ದರು. ಆಗ ಸರ್ರೆ ನಗರದ ಗುರುದ್ವಾರವೊಂದರಲ್ಲಿ ಸ್ವಯಂಸೇವಕರು ರಾತ್ರಿಯಿಡೀ ಸುಮಾರು 3,000 ಊಟ ತಯಾರಿಸಿದರು. ಹೆಲಿಕಾಪ್ಟರ್ ಬಾಡಿಗೆಗೆ ಪಡೆದು ಅದನ್ನು ಹಸಿದವರಿಗೆ ತಲುಪಿಸಿದರು. ಸ್ವಂತ ಸಣ್ಣ ವಿಮಾನವಿದ್ದ ಪೈಲಟ್‌ಗಳೂ ದಿನಸಿ ಹೊತ್ತು ಹಾರಿದರು. ಉಣ್ಣುವವನ ಧರ್ಮ ಯಾವುದೆಂದು ಯಾರೂ ಕೇಳಲಿಲ್ಲ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಅಮೆರಿಕದ ಉತ್ತರ ಕೆರೊಲಿನಾದ ಬೆಟ್ಟಸೀಮೆಯನ್ನು ಹಾಳುಗೆಡವಿತು. ಸೇತುವೆಗಳು ಕೊಚ್ಚಿಹೋದವು, ಫೋನ್ ಸತ್ತುಹೋಯಿತು. ಕಾನ್‌ಕಾರ್ಡ್, ಸ್ಟೇಟ್ಸ್‌ವಿಲ್ ವಿಮಾನ ನಿಲ್ದಾಣಗಳಲ್ಲಿ ಖಾಸಗಿ ಪೈಲಟ್‌ಗಳು ಸಾಲುಗಟ್ಟಿದರು. ಕುಡಿಯುವ ನೀರು, ಮಕ್ಕಳ ಹಾಲಿನ ಪುಡಿ, ಔಷಧಿಗಳನ್ನು ತುಂಬಿಕೊಂಡು ಬೆಟ್ಟದ ನಡುವಿನ ಸಣ್ಣ ಸಣ್ಣ ನಿಲ್ದಾಣಗಳಿಗೆ ಹಾರಿದರು. ಇವರಲ್ಲಿ ಹಲವರನ್ನು ಒಗ್ಗೂಡಿಸಿದ ‘ಆಪರೇಷನ್ ಏರ್‌ಡ್ರಾಪ್’ ಸಂಸ್ಥೆ ಹುಟ್ಟಿದ್ದು 2017ರಲ್ಲಿ, ಟೆಕ್ಸಾಸ್‌ನ ಹಾರ್ವೆ ಚಂಡಮಾರುತದ ಸಮಯದಲ್ಲಿ.

ಇನ್ನೂರು ಕಿಲೋದ ಲೆಕ್ಕ

ಸೆಸ್ನಾ 172 ಎಂಬುದು ಇಂತಹ ಕೆಲಸಕ್ಕೆ ಬರುವ ನಾಲ್ಕು ಸೀಟಿನ ವಿಮಾನ. ಪೈಲಟ್ ಮತ್ತು ಇಂಧನದ ಭಾರ ಕಳೆದರೆ ಅದು ಹೊರುವುದು ಸುಮಾರು 200 ಕಿಲೋ, ಅಂದರೆ ನಾಲ್ಕು ಮೂಟೆ ಅಕ್ಕಿ. ನಮ್ಮ ಗೂಡ್ಸ್ ಆಟೋ ಕೂಡ ಅದಕ್ಕಿಂತ ಹೆಚ್ಚು ಹೊರುತ್ತದೆ! ಹಾಗಾಗಿ ಅಲ್ಲಿ ಪ್ರತಿಯೊಂದು ಡಬ್ಬಿಯನ್ನೂ ತೂಗಿ, ಮೇಲೆ ತೂಕ ಬರೆಯುತ್ತಾರೆ. ಹಳೆಯ ಬಟ್ಟೆಗೆ ಜಾಗವಿಲ್ಲ, ಇನ್ಸುಲಿನ್‌ಗೆ ಮೊದಲ ಜಾಗ. ಇಳಿದ ಕಡೆ ಸಾಮಾನು ಪಡೆದು ಹಂಚುವವರು ಇರುವರೆಂದು ಖಚಿತವಾದ ಮೇಲೆಯೇ ಹೊರಡಬೇಕು. ಇಲ್ಲವಾದರೆ ಹಾರಿದ್ದು ವ್ಯರ್ಥ.

ಅಪಾಯವೂ ಸಣ್ಣದಲ್ಲ. 2013ರ ಜೂನ್‌ನಲ್ಲಿ ಉತ್ತರಾಖಂಡದ ಪ್ರವಾಹದ ವೇಳೆ ಗೌರಿಕುಂಡದ ಬಳಿ ವಾಯುಪಡೆಯ ಹೆಲಿಕಾಪ್ಟರ್ ಪತನವಾಗಿ ಅದರಲ್ಲಿದ್ದ 20 ಮಂದಿ ಪ್ರಾಣ ಕೊಟ್ಟರು. ನುರಿತ ಸೈನಿಕರಿಗೇ ಹೀಗಾದರೆ, ಬರಿ ಉತ್ಸಾಹವನ್ನು ನಂಬಿ ಹಾರುವವರ ಗತಿಯೇನು? ಶಿಸ್ತಿಲ್ಲದ ಸೇವೆ ಇನ್ನೊಂದು ವಿಪತ್ತಾದೀತು.

ನಮ್ಮಲ್ಲಿ ಏನಿದೆ?

ನಮ್ಮಲ್ಲಿ ಸ್ವಂತ ವಿಮಾನವಿರುವವರು ಬೆರಳೆಣಿಕೆಯಷ್ಟು. ಆದರೆ 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದರ ರನ್‌ವೇ 3,200 ಮೀಟರ್ ಉದ್ದವಿದೆ. ಶಿವಮೊಗ್ಗಕ್ಕೂ ಭದ್ರಾವತಿಗೂ ಅದು ಹತ್ತಿರ. ಡ್ರೋನ್‌ಗಳೂ ಬಂದಿವೆ. 2021ರ ನವೆಂಬರ್‌ನಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಡ್ರೋನ್ ಚಂದಾಪುರದಿಂದ ಹಾರಗದ್ದೆಯ ಆರೋಗ್ಯ ಕೇಂದ್ರಕ್ಕೆ ಕೋವಿಡ್ ಲಸಿಕೆಯನ್ನು ಸುಮಾರು ಹತ್ತು ನಿಮಿಷದಲ್ಲಿ ತಲುಪಿಸಿತು. ರಸ್ತೆಯಲ್ಲಾದರೆ ಅರ್ಧ ಗಂಟೆಯ ದಾರಿ.

ಆದರೆ ಸೋಗಾನೆಗೆ ವಿಮಾನ ಬಂದಿಳಿದರೂ ಅಲ್ಲಿಂದ ಕುಂಬಾರಗುಂಡಿಯ ಮೂರನೆಯ ಮನೆಯ ಅಜ್ಜಿಗೆ ಮಾತ್ರೆ ಮುಟ್ಟಿಸುವವರು ಯಾರು? ಆ ಕೆಲಸ ಪೈಲಟ್‌ನದಲ್ಲ, ನಮ್ಮದು. ಮುಂಗಾರಿಗೆ ಮುಂಚೆ ಪ್ರತಿ ಬೀದಿಯವರೂ ಒಂದು ಪಟ್ಟಿ ಮಾಡಿಟ್ಟುಕೊಳ್ಳಬಹುದು. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ, ತುಂಬು ಗರ್ಭಿಣಿಯರು ಎಲ್ಲಿದ್ದಾರೆ, ಡಯಾಲಿಸಿಸ್‌ಗೆ ಹೋಗುವವರು ಯಾರು, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವವರೆಷ್ಟು ಎಂಬುದು ಅದರಲ್ಲಿರಲಿ. ಮನೆಯೊಳಗಿನ ಸಂಗತಿ ಹೆಂಗಸರಿಗೇ ಚೆನ್ನಾಗಿ ಗೊತ್ತು, ಪಟ್ಟಿ ಅವರ ಕೈಯಲ್ಲೇ ಸಿದ್ಧವಾಗಲಿ. ಧರ್ಮ, ಜಾತಿಯ ಕಾಲಂ ಅದರಲ್ಲಿ ಬೇಡ. ಕೊಡುವಾಗ ನಮಗೆ ಬೇಡವಾದದ್ದನ್ನು ಕೊಡದೆ ಅವರಿಗೆ ಬೇಕಾದದ್ದನ್ನು ಕೇಳಿ ಕೊಡೋಣ.

ನಮ್ಮೆಲ್ಲರಿಗೂ ವಿಮಾನ ಹಾರಿಸಲು ಬರುವುದಿಲ್ಲ. ಆದರೆ ಒಂದು ನೋಟ್‌ಬುಕ್, ಒಂದು ಪೆನ್ನು ಎಲ್ಲರ ಮನೆಯಲ್ಲೂ ಇದೆ. ಮುಂದಿನ ಮಳೆಗಾಲಕ್ಕೆ ಮೊದಲು ಅದನ್ನು ಕೈಗೆತ್ತಿಕೊಳ್ಳಬಾರದೇಕೆ?