ಅಳಿಸುವ ಮುನ್ನ ಬರೆದಿಡಿ: ಮೋಟಾರು ರಕ್ಷಣಾ ರಿಲೇಯ ದಾಖಲೆ



ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರಿನ ನೀರೇ ಗತಿ. ಅಡಿಕೆಗೂ ಬೇಸಿಗೆಯ ನೀರು ತಪ್ಪುವಂತಿಲ್ಲ. ಆ ದಿನಗಳಲ್ಲಿ ಮೋಟಾರು ಕೈಕೊಟ್ಟರೆ ವರ್ಷದ ಫಸಲಿಗೇ ಪೆಟ್ಟು. ಆದುದರಿಂದಲೇ ನಮ್ಮಲ್ಲಿ ಅನೇಕರು ಸ್ಟಾರ್ಟರಿನೊಂದಿಗೆ ಅಂಕೆ ತೋರಿಸುವ ರಕ್ಷಣಾ ರಿಲೇಯನ್ನು ಅಳವಡಿಸಿಕೊಂಡಿದ್ದೇವೆ. ಇಂತಹ ಅನೇಕ ರಿಲೇಗಳು ಮೋಟಾರನ್ನು ನಿಲ್ಲಿಸುವುದಷ್ಟೇ ಅಲ್ಲ, ಏಕೆ ನಿಲ್ಲಿಸಿದೆವೆಂಬುದನ್ನೂ ದಾಖಲಿಸಿಕೊಳ್ಳುತ್ತವೆ.

ಹಿಂದಿನ ಒಂದು ಹಂಗಾಮಿನಲ್ಲಿ ನನ್ನ ತೋಟದ ಮೋಟಾರು ಒಂದೇ ದಿನ ಮೂರು ಬಾರಿ ನಿಂತಿತು. ಪ್ರತಿ ಸಲವೂ ರೀಸೆಟ್ ಒತ್ತಿ ಓಡಿಸಿದೆವು. ಸಂಜೆ ಬಂದ ಎಲೆಕ್ಟ್ರೀಷಿಯನ್ ದಾಖಲೆಯನ್ನೂ ಉಷ್ಣದ ನೆನಪನ್ನೂ ಒಟ್ಟಿಗೇ ಅಳಿಸಿ, ಮೋಟಾರನ್ನು ಚಾಲೂ ಮಾಡಿ ಹೋದರು. ರಾತ್ರಿ ವೈಂಡಿಂಗ್ ಸುಟ್ಟಿತು. ಅದನ್ನು ಕಟ್ಟುವವರು ಕೇಳಿದ ಮೊದಲ ಪ್ರಶ್ನೆ, "ರಿಲೇ ಏನು ತೋರಿಸಿತ್ತು?" ನಮ್ಮಲ್ಲಿ ಉತ್ತರವಿರಲಿಲ್ಲ. ಹೊಳೆಬದಿಯ ಬೋರ್ಡಿನಲ್ಲಿ ಒಂದು ಫೇಸಿನ ಫ್ಯೂಸು ಸಡಿಲವಾಗಿದ್ದುದು ತಡವಾಗಿ ತಿಳಿಯಿತು.

ನಾಲ್ಕು ಕೆಲಸಗಳನ್ನು ಒಂದೇ ಎಂದು ಭಾವಿಸಬಾರದು. ರೀಸೆಟ್ ಒತ್ತಿದರೆ ಟ್ರಿಪ್ ಬಿಡುತ್ತದೆ, ದಾಖಲೆ ಉಳಿದಿರುತ್ತದೆ. ದಾಖಲೆ ಅಳಿಸಿದರೆ ಹಿಂದಿನ ಟ್ರಿಪ್ಪುಗಳ ವಿವರ ಹೋಗುತ್ತದೆ. ಉಷ್ಣದ ನೆನಪನ್ನು ಅಳಿಸಿದರೆ, ಕಾದ ಮೋಟಾರನ್ನು ತಣ್ಣಗಿದೆಯೆಂದು ರಿಲೇ ಲೆಕ್ಕ ಹಾಕುತ್ತದೆ. ವೈಂಡಿಂಗಿನ ಬಿಸಿ ಮಾತ್ರ ಹಾಗೆಯೇ ಇರುತ್ತದೆ. ಕಾರ್ಖಾನೆಯ ಮೂಲಸ್ಥಿತಿಗೆ ತಂದರೆ ನಾವು ಹೊಂದಿಸಿದ ಆಂಪಿಯರಿನ ಮಿತಿಯೂ ಹೋಗಬಹುದು.

ದಾಖಲೆಯನ್ನು ಓದುವುದು ಕಷ್ಟವಲ್ಲ. ಓಡುವ ಮೋಟಾರಿಗೆ ಒಂದು ಫೇಸು ಪೂರ್ತಿ ತಪ್ಪಿದರೆ ಉಳಿದೆರಡರಲ್ಲಿ ಆಂಪಿಯರು ಸುಮಾರು 1.7 ಪಟ್ಟಿಗೆ ಏರುತ್ತದೆ. ಮೂರರಲ್ಲೂ ಹೆಚ್ಚಿದ್ದರೆ ಪಂಪು ಬಿಗಿಯಾಗಿರಬಹುದು, ಇಲ್ಲವೇ ವೋಲ್ಟೇಜ್ ಕುಸಿದಿರಬಹುದು. ಮೂರರಲ್ಲೂ ತೀರಾ ಕಡಿಮೆಯಿದ್ದರೆ ಪಂಪು ನೀರಿಲ್ಲದೆ ಓಡಿದೆಯೇ ಎಂದು ನೋಡಬೇಕು.

ಹಾಗಾದರೆ ಅಳಿಸಲೇಬಾರದೇ? ಅಳಿಸಬಹುದು. ದೋಷ ಸರಿಪಡಿಸಿದ ಮೇಲೆ, ಅಥವಾ ಹಂಗಾಮಿಗೆ ಮುನ್ನ ಪರೀಕ್ಷೆಗೆಂದು ಮಾಡಿದ ಟ್ರಿಪ್ಪುಗಳು ನಿಜವಾದವುಗಳೊಡನೆ ಬೆರೆಯದಂತೆ ಅಳಿಸುವುದು ಒಳ್ಳೆಯದೇ. ಜಾಗ ತುಂಬಿತೆಂದು ಅಳಿಸಬೇಕಾಗಿಲ್ಲ. ಸಾಮಾನ್ಯವಾಗಿ ಅತಿ ಹಳೆಯ ದಾಖಲೆ ಹೋಗಿ ಹೊಸದು ಸೇರುತ್ತದೆ. ಈ ಕಾರಣದಿಂದಲೂ ಬೇಗ ಬರೆದಿಡುವುದು ಲೇಸು.

ಸದಸ್ಯರು ಇಷ್ಟು ಮಾಡಬೇಕು: ಪಂಪ್‌ಹೌಸಿನಲ್ಲಿ ಒಂದು ಪುಸ್ತಕ ಇಡಿ. ದಿನಾಂಕ, ವೇಳೆ, ಟ್ರಿಪ್ಪಿನ ಕಾರಣ, ಮೂರು ಫೇಸುಗಳ ಆಂಪಿಯರು ಬರೆಯಿರಿ. ಫೋನಿನಲ್ಲಿ ಚಿತ್ರ ತೆಗೆದರೂ ಆದೀತು. ರಿಲೇಯ ಗಡಿಯಾರ ಸರಿಯಿದೆಯೇ ನೋಡಿ. ಅಳಿಸುವ ಗುಪ್ತಸಂಖ್ಯೆ ಇದ್ದರೆ ಅದು ತಮ್ಮಲ್ಲಿ ಅಥವಾ ರೈಟರಲ್ಲಿ ಮಾತ್ರ ಇರಲಿ. ಎರಡನೆಯ ಬಾರಿ ಟ್ರಿಪ್ ಆದರೆ ಕಾರಣ ತಿಳಿಯದೆ ಓಡಿಸಬೇಡಿ.

ಮಳೆಯ ಲೆಕ್ಕವನ್ನು ತಪ್ಪದೆ ಬರೆದಿಡುವ ಬೆಳೆಗಾರರಿಗೆ ಇದು ಹೊಸ ಅಭ್ಯಾಸವೇನೂ ಅಲ್ಲ.